ಹೈಬ್ರಿಡ್ ಕಾರೂ ಚಾಲಕರ ಹೊಣೆಯೂ

ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ೨೦೧೩ರಲ್ಲಿಯೇ ಹೈಬ್ರಿಡ್ ಕಾರಿನ ತಯಾರಿಕೆಯು ಆರಂಭವಾದುದು ವಾಚಕರಿಗೆ ವಿದಿತವೇ ಆಗಿದೆ. ಪೆಟ್ರೋಲ್ ಎಂಜಿನ್ನಿನೊಡನೆ ವಿದ್ಯುತ್ ಮೋಟಾರನ್ನೂ ಉಳ್ಳ ಇಂತಹ ಕಾರನ್ನು ಕೊಂಡ ಮಾತ್ರಕ್ಕೆ ಇಂಧನವು ತಾನಾಗಿ ಉಳಿಯುವುದೆಂದು ಭಾವಿಸುವವರು ನಮ್ಮ ಹಾಸನ ಸೀಮೆಯಲ್ಲಿಯೂ ಉಂಟು. ಇದು ಭ್ರಮೆಯೆಂದು ನಾವು ಹೇಳಬೇಕಾಗಿದೆ.

ಮುಂಗಂಡು ಮೆಲ್ಲನೆ ಬ್ರೇಕು ಒತ್ತಿದಲ್ಲಿ ಓಟದ ಶಕ್ತಿಯು ವಿದ್ಯುತ್ತಾಗಿ ಬ್ಯಾಟರಿಯನ್ನು ಸೇರುತ್ತದೆ. ಥಟ್ಟನೆ ತುಳಿದಲ್ಲಿ ಅದರ ಬಹುಭಾಗವು ಬರಿಯ ಶಾಖವಾಗಿ ವ್ಯರ್ಥವಾಗುತ್ತದೆ. ಆದುದರಿಂದ ಹೊಳೆನರಸೀಪುರದ ಪೇಟೆಯ ಸಂದಣಿಯಲ್ಲಿಯೂ ಅರಕಲಗೂಡಿನ ದಾರಿಯ ಏರಿಳಿತಗಳಲ್ಲಿಯೂ ಸಾವಧಾನಿಗೆ ಲಾಭವುಂಟು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಹೆದ್ದಾರಿಯಲ್ಲಾದರೋ ಬ್ರೇಕಿಗೆ ಕೆಲಸವೇ ಕಡಮೆ. ವೇಗವು ಗಂಟೆಗೆ ೮೦ ಕಿಲೋಮೀಟರಿನಿಂದ ೧೨೦ಕ್ಕೇರಿದರೆ ಗಾಳಿಯ ತಡೆಯು ಇಮ್ಮಡಿಯನ್ನೂ ಮೀರುತ್ತದೆ. ಹೈಬ್ರಿಡ್ಡಿನ ಮೇಲ್ಮೆಯು ಬಹಳ ಕುಗ್ಗುತ್ತದೆ.

ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ೮೫ ಪಾಲಿಗೂ ಮಿಗಿಲು ಪರದೇಶಗಳಿಂದ ಬರುತ್ತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ದೊರೆಯದೆ ಇದ್ದಲಿನ ಅನಿಲದಿಂದ ಬಸ್ಸು ನಡೆಸಿದ ನಾಡು ಇದು. ಯಂತ್ರವು ಜಾಣತನದ್ದಾದರೂ ಮಿತವ್ಯಯದ ಹೊಣೆಯು ನಮ್ಮ ಮೇಲಿಂದ ಇಳಿಯಲಿಲ್ಲ. ಹಣ ತೆತ್ತು ತಂದ ಯಂತ್ರಕ್ಕೆ ಚಾಲಕರು ತಮ್ಮ ತಾಳ್ಮೆಯನ್ನೂ ಜತೆಗೂಡಿಸುವರೆಂದು ಹಾರೈಸುತ್ತೇವೆ.