ಕೊಂಬೆಗಳೂ ಲೆಕ್ಕ ಹಾಕುತ್ತವೆ

1873ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಸಿಲ್ವರ್ ನೈಟ್ರೇಟ್ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸಿದಾಗ ಅವುಗಳ ಕೊಂಬೆಕೊಂಬೆಯೂ ಎದ್ದು ಕಂಡಿತು. ಡೆಂಡ್ರೈಟ್ ಎಂಬ ಈ ಕೊಂಬೆಗಳು ಸಂಕೇತ ಪಡೆಯುತ್ತವೆ, ಆಕ್ಸಾನ್ ಎಂಬ ಎಳೆ ಅದನ್ನು ಮುಂದಕ್ಕೆ ಸಾಗಿಸುತ್ತದೆ ಎಂದು ಸ್ಪೇನಿನ ರಮೋನ್ ಇ ಕಹಾಲ್ ವಾದಿಸಿದರು.

ರೂಪವೇನೋ ತಿಳಿಯಿತು. ಒಳಗೆ ಹರಿಯುವ ವಿದ್ಯುತ್ತನ್ನು ಅಳೆಯುವುದು ಹೇಗೆ? 1950ರ ದಶಕದ ಗಾಜಿನ ಎಲೆಕ್ಟ್ರೋಡ್ ದಪ್ಪನೆಯ ಕೋಶಕಾಯವನ್ನು ಚುಚ್ಚಬಲ್ಲದಾಗಿತ್ತು. ಕೆಲವೇ ಮೈಕ್ರೊಮೀಟರ್ ದಪ್ಪದ ಕೊಂಬೆ ಅದಕ್ಕೆ ದಕ್ಕುತ್ತಿರಲಿಲ್ಲ. ದಕ್ಕದ್ದಕ್ಕೆ ಮಹತ್ವವೂ ಸಿಗಲಿಲ್ಲ. ದೂರದ ಕೊಂಬೆಗೆ ಬಂದ ಸಂಕೇತ ಕೋಶಕಾಯ ಮುಟ್ಟುವಷ್ಟರಲ್ಲಿ ಆರಿಹೋಗುತ್ತದೆ ಎಂದೇ ಹಲವರು ನಂಬಿದ್ದರು.

ಅಮೆರಿಕದ ವಿಲ್ಫ್ರಿಡ್ ರಾಲ್ ಗಣಿತದ ದಾರಿ ಹಿಡಿದರು. ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ಲಿನಲ್ಲಿ ಸಂಕೇತ ಹೇಗೆ ಕುಗ್ಗುತ್ತದೆಂದು ವಿಲಿಯಂ ಥಾಮ್ಸನ್ 1855ರಲ್ಲಿ ಲೆಕ್ಕ ಹಾಕಿದ್ದರು. ಅದೇ ಬಗೆಯ ಸಮೀಕರಣಗಳನ್ನು ರಾಲ್ ಕವಲೊಡೆದ ಕೊಂಬೆಗಳಿಗೆ ಹೊಂದಿಸಿದರು. ದೂರದ ಸಂಕೇತ ಕುಗ್ಗಿದರೂ ಲೆಕ್ಕಕ್ಕೆ ಬರುತ್ತದೆ. ತುದಿಯಿಂದ ಬುಡದತ್ತ ಒಂದರ ಹಿಂದೊಂದು ಬಂದ ಸಂಕೇತಗಳು ಬುಡದಿಂದ ತುದಿಯತ್ತ ಬಂದವಕ್ಕಿಂತ ಹೆಚ್ಚು ಪರಿಣಾಮ ಬೀರುತ್ತವೆ ಎಂದು 1964ರಲ್ಲಿ ತೋರಿಸಿದರು. ಅಂದರೆ, ಯಾವುದು ಮೊದಲು ಬಂತೆಂಬುದನ್ನು ಕೊಂಬೆ ಗುರುತಿಸಬಲ್ಲದು.

ಅಳತೆಗೆ ದಾರಿ ತೆರೆದದ್ದು ಜರ್ಮನಿಯ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಪ್ರಕಟಿಸಿದ ಪ್ಯಾಚ್ ಕ್ಲಾಂಪ್ ವಿಧಾನ. ಇದರಲ್ಲಿ ಗಾಜಿನ ನಳಿಕೆ ಪೊರೆಯನ್ನು ಇರಿಯುವುದಿಲ್ಲ, ಹೀರಿ ಹಿಡಿಯುತ್ತದೆ. ಇನ್‌ಫ್ರಾರೆಡ್ ಸೂಕ್ಷ್ಮದರ್ಶಕ ಜೊತೆಗೂಡಿದ ಮೇಲೆ, ಜೀವಂತ ಮಿದುಳಿನ ತುಣುಕಿನಲ್ಲಿ ಕೊಂಬೆಯನ್ನು ಕಣ್ಣಾರೆ ನೋಡಿಯೇ ನಳಿಕೆ ತಾಗಿಸುವುದು ಸಾಧ್ಯವಾಯಿತು. 1994ರಲ್ಲಿ ಗ್ರೆಗ್ ಸ್ಟುವರ್ಟ್ ಮತ್ತು ಸಾಕ್‌ಮನ್ ಇಲಿಯ ಒಂದೇ ನರಕೋಶದ ಕಾಯಕ್ಕೂ ಕೊಂಬೆಗೂ ನಳಿಕೆ ಹಚ್ಚಿದರು. ಆಕ್ಸಾನಿನಲ್ಲಿ ಹುಟ್ಟಿದ ಮಿಡಿತ ಮುಂದಕ್ಕಷ್ಟೇ ಅಲ್ಲ, ಹಿಂದಕ್ಕೆ ಕೊಂಬೆಯೊಳಕ್ಕೂ ಹರಿಯುತ್ತಿತ್ತು. ಅದಕ್ಕೆ ಕೊಂಬೆಯ ಸ್ವಂತ ಸೋಡಿಯಂ ಕಾಲುವೆಗಳು ಬಲ ಕೊಡುತ್ತಿದ್ದವು. ಕೋಶ ತನ್ನ ನಿರ್ಧಾರವನ್ನು ಕೊಂಬೆಗಳಿಗೂ ತಿಳಿಸುತ್ತದೆ ಎಂದಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂದು ಇಂಥ ಅಳತೆಗಳು ನಡೆಯುತ್ತಿವೆ.

2020ರಲ್ಲಿ ಬರ್ಲಿನ್‌ನ ಮ್ಯಾಥ್ಯೂ ಲಾರ್ಕಮ್ ತಂಡ, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಮಾನವ ಮಿದುಳಿನ ತುಣುಕುಗಳಲ್ಲಿ ಕೊಂಬೆಯದೇ ಆದ ಹೊಸ ಮಿಡಿತವೊಂದನ್ನು ಕಂಡಿತು. ಪ್ರಚೋದನೆ ಹೆಚ್ಚಾದರೆ ಅದು ಹಿಗ್ಗುವ ಬದಲು ಕುಗ್ಗುತ್ತಿತ್ತು. ಎರಡು ಸಂಕೇತಗಳಲ್ಲಿ ಒಂದೇ ಬಂದರೆ ‘ಹೌದು’, ಎರಡೂ ಬಂದರೆ ‘ಇಲ್ಲ’ ಎನ್ನುವ ಲೆಕ್ಕಕ್ಕೆ ಹಲವು ಕೋಶಗಳ ಜಾಲವೇ ಬೇಕೆಂಬ ನಂಬಿಕೆಯಿತ್ತು. ಒಂದು ಕೊಂಬೆಯೇ ಅದನ್ನು ಮಾಡಬಲ್ಲದೆಂದು ತಂಡದ ಗಣಕ ಮಾದರಿ ಸೂಚಿಸಿತು.

ಕೃತಕ ಬುದ್ಧಿಮತ್ತೆಯ ‘ನರಕೋಶ’ ಇಂದಿಗೂ ಬಂದದ್ದನ್ನೆಲ್ಲ ಕೂಡಿಸುವ ಒಂದು ಬಿಂದು ಮಾತ್ರ. ನಿಜವಾದ ನರಕೋಶವನ್ನು ಅನುಕರಿಸಬೇಕಾದರೆ ಅಂಥ ಒಂದೊಂದು ಬಿಂದುವಿನ ಜಾಗದಲ್ಲೂ ಒಂದು ಇಡೀ ಜಾಲವನ್ನೇ ಕೂರಿಸಬೇಕಾದೀತು.