ಕ್ಯಾಮೆರಾದ ಆಚೆ, ಈಚೆ

ರಾಜಾ ರವಿವರ್ಮ 1889ರಲ್ಲಿ ಬರೆದ ಬೆಳದಿಂಗಳ ಹೆಣ್ಣು ನೀರಿನ ದಡದಲ್ಲಿ ಕುಳಿತಿದ್ದಾಳೆ. ಪುಷ್ಪಮಾಲಾ ಎನ್. ಅವರ ಚಿತ್ರದಲ್ಲೂ ಅದೇ ಭಂಗಿ, ಅದೇ ಚಂದ್ರ. ಆದರೆ ಇದು ತೈಲಚಿತ್ರವಲ್ಲ, ಫೋಟೊ. ಹಿಂದಿನ ಆಕಾಶ ಪರದೆಯ ಮೇಲೆ ಬರೆದದ್ದು. ವೇಷ ತೊಟ್ಟು ಕುಳಿತವರು ಸ್ವತಃ ಕಲಾವಿದೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ಪರದೆ ಪರದೆಯೆಂದೇ ತಿಳಿಯುತ್ತದೆ. ಅದನ್ನು ಮರೆಮಾಚುವ ಇರಾದೆಯೇ ಇಲ್ಲಿಲ್ಲ.

ಬೆಂಗಳೂರಿನ ಪುಷ್ಪಮಾಲಾ ಮತ್ತು ಇದೇ ಊರಿನಲ್ಲಿ ನೆಲೆಸಿದ ಬ್ರಿಟಿಷ್ ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ದಿಂದ 2004ರವರೆಗೆ ಕೂಡಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಆ್ಯಂಡ್ ಕಸ್ಟಮ್ಸ್’ ಸರಣಿಯ ಚಿತ್ರವಿದು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದಕ್ಕೆ ನೆರವು ಕೊಟ್ಟಿತ್ತು. ಪುಷ್ಪಮಾಲಾ ಬರೋಡದಲ್ಲಿ ಶಿಲ್ಪಕಲೆ ಕಲಿತವರು. ಆ ತರಬೇತಿ ಇಲ್ಲಿ ಕೆಲಸಕ್ಕೆ ಬಂದಿದೆ ಎಂದೇ ನನ್ನ ನಂಬಿಕೆ: ಕೈಬೆರಳಿನ ಬಾಗು, ಸೀರೆಯ ನೆರಿಗೆ, ಕತ್ತಿನ ಓರೆ ಎಲ್ಲವನ್ನೂ ಮೈಯಿಂದಲೇ ಕಡೆದಂತಿದೆ.

ಸರಣಿಯ ಹೆಸರು ವಸಾಹತುಕಾಲದ ಜನಾಂಗ ಅಧ್ಯಯನದ ಪುಸ್ತಕಗಳನ್ನು ನೆನಪಿಗೆ ತರುತ್ತದೆ. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಹೊರತಂದರು. ಜನರ ತಲೆ, ಮೂಗುಗಳನ್ನು ಅಳೆದು ದಾಖಲಿಸಿದವರು ಅವರು. ಆ ಕಾಲದ ಛಾಯಾಗ್ರಾಹಕರು ಮೈಯಳತೆ ಸಿಗಲೆಂದು ಚೌಕುಳಿ ಪರದೆಯ ಮುಂದೆ ಜನರನ್ನು ನಿಲ್ಲಿಸುತ್ತಿದ್ದರು. ನಿಂತವರ ಹೆಸರನ್ನು ಕೇಳಿದವರು ಕಡಿಮೆ. ತೋಡ ಬುಡಕಟ್ಟಿನ ಮಹಿಳೆಯಾಗಿ ಪುಷ್ಪಮಾಲಾ ಅಂಥ ಪರದೆಯ ಮುಂದೆ ನಿಂತಾಗ ಹಳೆಯ ಫೋಟೊದ ದಬ್ಬಾಳಿಕೆ ಥಟ್ಟನೆ ಕಣ್ಣಿಗೆ ರಾಚುತ್ತದೆ. ಯಾಕೆಂದರೆ ಇಲ್ಲಿ ನಿಲ್ಲುವವರೂ ನಿಲ್ಲಿಸುವವರೂ ಅವರೇ.

ಸರಣಿಯಲ್ಲಿ ಲಕ್ಷ್ಮಿಯಿದ್ದಾಳೆ, ದಖ್ಖನಿ ಚಿಕಣಿ ಚಿತ್ರದ ಯೋಗಿನಿಯಿದ್ದಾಳೆ, ಸಿನಿಮಾ ನಾಯಕಿಯಿದ್ದಾಳೆ, ಪೊಲೀಸರು ಹಿಡಿದ ಇಬ್ಬರು ಹೆಂಗಸರ ಪತ್ರಿಕಾ ಫೋಟೊ ಕೂಡ ಮರುಹುಟ್ಟು ಪಡೆದಿದೆ. ದೇವರ ಮನೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನೂ ಠಾಣೆಯ ಆರೋಪಿಗಳನ್ನೂ ಒಂದೇ ಪ್ರದರ್ಶನದಲ್ಲಿ ನೋಡುವುದು ಮುಜುಗರದ ಅನುಭವ. ಹೆಣ್ಣು ಹೀಗೇ ಕಾಣಬೇಕೆಂದು ಎರಡೂ ಕಡೆ ಮತ್ತ್ಯಾರೋ ಗೊತ್ತುಮಾಡಿದ್ದಾರಲ್ಲ!

ನನಗೆ ಬಹಳ ಹಿಡಿಸಿದ್ದು ಇವುಗಳ ಜೊತೆಗಿಟ್ಟ, ಫೋಟೊ ತೆಗೆಯುವ ಸಿದ್ಧತೆಯ ಚಿತ್ರಗಳು. ಅವು ಇಲ್ಲದಿದ್ದರೆ ಕ್ಯಾಮೆರಾ ಕ್ಲೇರ್ ಅವರದು, ವೇಷ ಪುಷ್ಪಮಾಲಾ ಅವರದು ಎಂದು ಗೆರೆ ಎಳೆದುಬಿಡುವುದು ಸುಲಭ. ಆದರೆ ರವಿವರ್ಮನ ಬೆಳದಿಂಗಳನ್ನು ಸ್ಟುಡಿಯೊ ಲೈಟಿನಲ್ಲಿ ತರಬೇಕಾದರೆ ಮುಖವನ್ನು ಎಷ್ಟು ತಿರುಗಿಸಬೇಕು, ನೆರಳು ಎಲ್ಲಿ ಬೀಳಬೇಕು ಎಂಬುದನ್ನು ಇಬ್ಬರೂ ಸೇರಿಯೇ ಕಂಡುಕೊಳ್ಳಬೇಕು. ಪೋಸ್ ಕೊಡುವವರಿಗೆ ತಮ್ಮ ಮುಖ ತಮಗೆ ಕಾಣುವುದಿಲ್ಲ.