ಕಿರೀಟದ ಹಿಂದಿನ ದುಡಿಮೆ

2022ರ ಜುಲೈ 3ರಂದು ಮುಂಬೈಯಲ್ಲಿ ಫೆಮಿನಾ ಮಿಸ್ ಇಂಡಿಯಾ ಕಿರೀಟ ತೊಟ್ಟ ಸಿನಿ ಶೆಟ್ಟಿ ಸ್ಪರ್ಧಿಸಿದ್ದು ಕರ್ನಾಟಕದ ಪರವಾಗಿ. ಹುಟ್ಟೂರು ಮುಂಬೈ, ಮನೆತನದ ಬೇರು ಉಡುಪಿ ಸೀಮೆ. ಆಗಿನ್ನೂ ಅವರಿಗೆ 21 ತುಂಬಿರಲಿಲ್ಲ; ಆದರೆ ಭರತನಾಟ್ಯದ ರಂಗಪ್ರವೇಶ 14ರಲ್ಲೇ ಮುಗಿದಿತ್ತು, ಓದು ಲೆಕ್ಕಪತ್ರ ಮತ್ತು ಹಣಕಾಸಿನದು. ಗೆದ್ದ ರಾತ್ರಿಯ ಚಿತ್ರದಲ್ಲಿ ಇದಾವುದೂ ಕಾಣುವುದಿಲ್ಲ. ಕೊಬ್ಬರಿಯ ಕತೆಯೂ ಇದೇ. ಸುಲಿಯದ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ನೀರಿಂಗದೆ ಉಂಡೆ ಕೊಬ್ಬರಿ ಆಗದು ಎಂಬುದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹರಾಜಿನ ದಿನದ ದರವಷ್ಟೇ ಪೇಟೆಯವರಿಗೆ ಸುದ್ದಿ. ಸುಂದರಿ ಪಟ್ಟವನ್ನೂ ನಾವು ಹಾಗೆಯೇ ನೋಡುತ್ತಿದ್ದೇವೆ. ಅದು ವರವಲ್ಲ, ದುಡಿಮೆ. ಗೆದ್ದವಳನ್ನು ದುಡಿಯುವವಳೆಂದೇ ಕಾಣಬೇಕು ಎಂಬುದು ನನ್ನ ವಾದ. ಸಿನಿ ಅವರ ಮುಂದಿನ ದಿನಗಳೇ ಇದಕ್ಕೆ ಸಾಕ್ಷಿ. 2023ರ ಏಪ್ರಿಲ್‌ನಲ್ಲಿ ಇಂಫಾಲದಲ್ಲಿ ನಂದಿನಿ ಗುಪ್ತಾ ಹೊಸ ಮಿಸ್ ಇಂಡಿಯಾ ಆದರು. ದೇಶದ ಕಿರೀಟ ಕೈಬಿಟ್ಟ ಮೇಲೂ ಸಿನಿ ಅವರ ಹೊಣೆ ಮುಗಿಯಲಿಲ್ಲ. ಅವರು ನಿಲ್ಲಬೇಕಿದ್ದ ಮಿಸ್ ವರ್ಲ್ಡ್ ನಡೆದದ್ದು 2024ರ ಮಾರ್ಚ್ 9ರಂದು. ಅಲ್ಲಿಯವರೆಗೂ ದೇಹ, ಮಾತು, ನಡಿಗೆಗಳನ್ನು ಹದದಲ್ಲಿ ಇಟ್ಟುಕೊಂಡೇ ಕಾದು, ಕೊನೆಯ ಎಂಟರಲ್ಲಿ ಒಬ್ಬರಾದರು.

ಹೆಣ್ಣಿನ ದೇಹವನ್ನು ಅಳೆದು ಅಂಕ ಕೊಡುವ ಆಟಕ್ಕೆ ದುಡಿಮೆಯ ಗೌರವ ಏಕೆ ಎಂಬ ಆಕ್ಷೇಪ ಗಟ್ಟಿಯಾದದ್ದು. 1996ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ನಡೆದಾಗ ಮಹಿಳಾ ಸಂಘಟನೆಗಳೂ ರೈತ ಸಂಘವೂ ಬೀದಿಗಿಳಿದವು. ಈಜುಡುಗೆಯ ಸುತ್ತು ಸೆಶೆಲ್ಸ್ ದ್ವೀಪಕ್ಕೆ ಹೋಯಿತು. ಪ್ರಸಾಧನ ಕಂಪನಿಗಳಿಗೆ ನಮ್ಮ ಮಾರುಕಟ್ಟೆ ಬೇಕಿತ್ತು ಎಂಬ ಅಂದಿನ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ಆ ಸಿಟ್ಟು ಕಂಪನಿಯ ಬಾಗಿಲಲ್ಲಿ ನಿಲ್ಲದೆ ವೇದಿಕೆ ಏರಿದ ಹುಡುಗಿಯ ನಡತೆಯ ಮೇಲೆ ಬೀಳುತ್ತದೆ, ಅದು ಅನ್ಯಾಯ. ದುಡಿಸಿಕೊಳ್ಳುವವರು ತಪ್ಪು ಮಾಡಿದರೆ ದುಡಿಯುವವರ ಮಾನ ಕಳೆಯುವುದುಂಟೇ?

ಕಿರೀಟವಿಲ್ಲದಿದ್ದರೆ ಇವರನ್ನು ಯಾರು ಕೇಳುತ್ತಿದ್ದರು ಎನ್ನುವವರೂ ಇದ್ದಾರೆ. ಕಿರೀಟ ಬಾಗಿಲು ತೆರೆಯುತ್ತದೆ, ನಿಜ. ಒಳಗೆ ಹೋದ ಮೇಲೆ ಬದುಕು ಕಟ್ಟಿದ್ದು ಅವರ ದುಡಿಮೆಯೇ. 1966ರಲ್ಲಿ ಮಿಸ್ ವರ್ಲ್ಡ್ ಆದ ರೀಟಾ ಫರಿಯಾ ವರ್ಷ ಮುಗಿದೊಡನೆ ವೈದ್ಯಕೀಯ ಓದಿಗೆ ಮರಳಿ ವೈದ್ಯೆಯಾದರು. 1952ರ ಮಿಸ್ ಇಂಡಿಯಾ ಇಂದ್ರಾಣಿ ರೆಹಮಾನ್ ಒಡಿಸ್ಸಿಯನ್ನು ಹೊರದೇಶಗಳಿಗೆ ಕೊಂಡೊಯ್ದರು. ಬಾಗಿಲು ತೆರೆಯುವ ಮೊದಲೂ ದುಡಿಮೆ ಇದೆ: ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ 2000ದಲ್ಲಿ ಮಿಸ್ ಯೂನಿವರ್ಸ್ ಆಗುವ ಮೂರು ವರ್ಷ ಮೊದಲೇ ಮಿಸ್ ಇಂಟರ್‌ಕಾಂಟಿನೆಂಟಲ್ ಗೆದ್ದು ಪಳಗಿದ್ದರು.

ಪಟ್ಟ ದುಡಿಮೆಯೇ ಆದರೆ, ಈ ವೇದಿಕೆ ಏರಬಯಸುವ ತುರುವೇಕೆರೆಯ ಹುಡುಗಿಗೆ ಅಡ್ಡ ನಿಂತಿರುವುದು ಚೆಲುವಿನ ಕೊರತೆಯಲ್ಲ. ನೃತ್ಯದ ಮೇಷ್ಟ್ರು, ಸರಾಗ ಇಂಗ್ಲಿಷು, ತರಬೇತಿಯ ಖರ್ಚು, ಮಹಾನಗರದಲ್ಲಿ ಉಳಿಯಲು ಒಂದು ನೆಲೆ, ಇವೇ ಮುಖ್ಯ. ಇದರ ಜೊತೆಗೆ ನಿಯಮಗಳೂ ಇವೆ. ಇಂದ್ರಾಣಿ ಗೆದ್ದಾಗ ಮದುವೆಯಾಗಿ ತಾಯಿಯೂ ಆಗಿದ್ದರು. ಫೆಮಿನಾ ಸ್ಪರ್ಧೆ ಮಾತ್ರ ಅವಿವಾಹಿತೆಯರಿಗೇ ಮೀಸಲಾಗಿ ನಡೆದುಬಂದಿದೆ. ಮಿಸ್ ಯೂನಿವರ್ಸ್ 2023ರಿಂದ ವಿವಾಹಿತೆಯರಿಗೂ ತಾಯಂದಿರಿಗೂ ಅವಕಾಶ ಕೊಟ್ಟಿದೆ, ಮರುವರ್ಷ ವಯಸ್ಸಿನ ಮಿತಿಯನ್ನೂ ತೆಗೆದಿದೆ. ಬೇರೆ ಬಹುತೇಕ ಕೆಲಸಗಳಿಗೆ ಮದುವೆಯನ್ನು ಅನರ್ಹತೆ ಎಂದು ಒಪ್ಪದ ನಾವು ಇಲ್ಲಿ ಅದನ್ನು ಒಪ್ಪಿಕೊಂಡಿರುವುದೇಕೆ ಎಂದು ಸಂಘಟಕರನ್ನು ಕೇಳಬೇಕು.